ಆರನೇ ಕ್ಲಾಸಿಗೇ ರಾಜ್ಯ ಆರಿಸಿಕೊಳ್ಳಬೇಕೆ?

‘ಓಟು ಆಂಧ್ರದಲ್ಲಿ ಹಾಕ್ತಾರೆ, ರೇಷನ್ ಅಕ್ಕಿ ಆಂಧ್ರದ್ದು ತಿಂತಾರೆ, ಸೀಟು ಮಾತ್ರ ಕರ್ನಾಟಕದ್ದು ಬೇಕಂತೆ. ಎರಡೂ ಕಡೆ ಬಾಚಿಕೊಳ್ಳೋ ಜನ.’

ಆಂಧ್ರದ ಆಲೂರು, ಆದೋನಿ ಕಡೆಯ ಕನ್ನಡಿಗರು ಕರ್ನಾಟಕದ ಸೀಟಿಗೆ ಬೇಕಾದ ಗಡಿನಾಡ ಪ್ರಮಾಣಪತ್ರದ ಮಾತೆತ್ತಿದಾಗಲೆಲ್ಲ ಕೇಳಿಬರುವ ಉತ್ತರ ಇದು. ಕಚೇರಿಯ ಕೌಂಟರಿನಲ್ಲಿ ಕೇಳಿದ್ದೇವೆ, ಸಮ್ಮೇಳನದ ಊಟದ ಸಾಲಿನಲ್ಲಿ ಕೇಳಿದ್ದೇವೆ, ಕನ್ನಡದ ಕಾಳಜಿ ಉಳ್ಳವರೆಂದು ನಾವು ನಂಬಿದ್ದವರ ಬಾಯಲ್ಲೂ ಕೇಳಿದ್ದೇವೆ. ಸುಮ್ಮನಿದ್ದದ್ದು ಸಾಕು. ನಮ್ಮನ್ನು ಎರಡೂ ಕಡೆ ಬಾಚುವವರು ಅನ್ನುವವರ ಮುಂದೆ ಎರಡೇ ಎರಡು ಅಂಕಿ ಇಡುತ್ತೇನೆ. ಏಳು ಮತ್ತು ನಾಲ್ಕು.

ಕರ್ನಾಟಕದ ಸಿಇಟಿಯಲ್ಲಿ ಸರ್ಕಾರಿ ಸೀಟು ಕೇಳಬೇಕಾದರೆ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದ ಶಾಲೆ ಕಾಲೇಜುಗಳಲ್ಲಿ ಓದಿರಬೇಕು. ಸಾಲದ್ದಕ್ಕೆ ಎಸ್ಸೆಸ್ಸೆಲ್ಸಿಯನ್ನೋ ಪಿಯುಸಿಯನ್ನೋ ಅಲ್ಲೇ ಪಾಸು ಮಾಡಿರಬೇಕು. ಇದು ಸಾಮಾನ್ಯ ಷರತ್ತು. ಇತ್ತ ಆಂಧ್ರದಲ್ಲಿ ಸಂವಿಧಾನದ 371ಡಿ ವಿಧಿಯಿದೆ. ಅದರಡಿ 1974ರಲ್ಲಿ ಬಂದ ರಾಷ್ಟ್ರಪತಿ ಆದೇಶದ ಪ್ರಕಾರ ‘ಲೋಕಲ್’ ಅನ್ನಿಸಿಕೊಳ್ಳಲು ಅರ್ಹತಾ ಪರೀಕ್ಷೆಗೆ ಬಂದು ಮುಗಿಯುವ ಹಾಗೆ ಸತತ 4 ವರ್ಷ ಅಲ್ಲಿ ಓದಿರಬೇಕು. ಅಂದರೆ ಒಂಬತ್ತು, ಹತ್ತು, ಇಂಟರ್‌ನ ಎರಡು ವರ್ಷ. ನೂರಕ್ಕೆ 85 ಸೀಟು ಈ ಲೋಕಲ್‌ಗಳಿಗೆ. ಉಳಿದ 15ಕ್ಕೆ ಎಲ್ಲರೊಡನೆ ಗುದ್ದಾಡಬೇಕು.

ಈಗ ಎರಡನ್ನೂ ಕೂಡಿಸಿ ನೋಡಿ. ಆಂಧ್ರದ ನಾಲ್ಕು ವರ್ಷ ಪೂರೈಸಿದ ಮಗು ಹತ್ತನೆಯದನ್ನೂ ಹನ್ನೆರಡನೆಯದನ್ನೂ ಆಂಧ್ರದಲ್ಲೇ ಪಾಸು ಮಾಡಿರುತ್ತದೆ. ಅಲ್ಲಿಗೆ ಕರ್ನಾಟಕದ ಬಾಗಿಲು ಮುಚ್ಚಿತು. ಕರ್ನಾಟಕದ ಷರತ್ತು ಪೂರೈಸಲು ಆರನೆಯದರಿಂದ ಪಿಯುಸಿವರೆಗೆ ಬಳ್ಳಾರಿಯಲ್ಲಿ ಓದಿದ ಮಗು ಆಂಧ್ರಕ್ಕೆ ನಾನ್‌ಲೋಕಲ್. ಎರಡೂ ಕಡೆ ಬಾಚಿಕೊಳ್ಳುವುದು ನಿಯಮದಲ್ಲೇ ಸಾಧ್ಯವಿಲ್ಲ! ಎರಡೂ ಕಡೆ ಕಳೆದುಕೊಳ್ಳುವುದು ಮಾತ್ರ ಬಲು ಸುಲಭ. ಎಂಟನೆಯವರೆಗೆ ಆಲೂರಿನಲ್ಲಿ ಓದಿ ಒಂಬತ್ತಕ್ಕೆ ಬಳ್ಳಾರಿಗೆ ಹೋದವನಿಗೆ ಕರ್ನಾಟಕದಲ್ಲಿ ನಾಲ್ಕೇ ವರ್ಷ, ಏಳಾಗಲಿಲ್ಲ. ಆಂಧ್ರದ ಕೊನೆಯ ನಾಲ್ಕೂ ಹೋದವು. ಈ ಹುಡುಗ ಯಾವ ರಾಜ್ಯದವನು? ಉತ್ತರ ಗೊತ್ತಿದ್ದವರು ಹೇಳಲಿ.

ಹಾಗಾಗಿ ನಮ್ಮ ಕಡೆ ಮಗು ಐದನೆಯದು ಮುಗಿಸುತ್ತಿದ್ದಂತೆ ಮನೆಯಲ್ಲಿ ಪಂಚಾಯ್ತಿ ಶುರು. ಹೊಳಗುಂದಿ, ಹಾಲಹರವಿ, ಚಿಪ್ಪಗಿರಿಯ ಯಾವ ಊರಿಗಾದರೂ ಜೂನ್ ತಿಂಗಳಲ್ಲಿ ಬನ್ನಿ. ತಗಡಿನ ಟ್ರಂಕು, ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿದ ಹೆಸರು, ಸುತ್ತಿ ಕಟ್ಟಿದ ಹಾಸಿಗೆ, ಒಂದು ಡಬ್ಬಿಯಲ್ಲಿ ಶೇಂಗಾ ಚಟ್ನಿ. ಬಳ್ಳಾರಿ ಬಸ್ಸಿಗೆ ಕಾದು ನಿಂತ ಹುಡುಗನಿಗೆ ಹನ್ನೊಂದು ವರ್ಷ. ಮುಂದೆ ಡಾಕ್ಟರಾಗುತ್ತಾನೋ ಮೇಷ್ಟ್ರಾಗುತ್ತಾನೋ ಅವನಿಗೂ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ. ಆದರೆ ಯಾವ ರಾಜ್ಯಕ್ಕೆ ಸೇರಿದವನು ಅನ್ನುವುದು ಅವತ್ತೇ ತೀರ್ಮಾನವಾಗಬೇಕು. ಹೆಣ್ಣುಮಗುವಾದರೆ ಪಂಚಾಯ್ತಿಯೂ ಇಲ್ಲ. ಹನ್ನೊಂದರ ಹುಡುಗಿಯನ್ನು ಹಾಸ್ಟೆಲ್ಲಿಗೆ ಕಳಿಸಲು ಎಷ್ಟು ಮನೆಗಳಿಗೆ ಧೈರ್ಯವಿದೆ? ಕನ್ನಡ ಶಾಲೆಯ ಮೊದಲ ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಹೆಚ್ಚು ಅಂಕ ತಂದವಳಿಗೂ ಕರ್ನಾಟಕದ ಅರ್ಹತೆ ಅವಳು ದೊಡ್ಡವಳಾಗುವ ಮೊದಲೇ ತಪ್ಪಿಹೋಗಿರುತ್ತದೆ.

ಇಷ್ಟಕ್ಕೂ ನಾವು ಆಂಧ್ರಕ್ಕೆ ವಲಸೆ ಹೋದವರಲ್ಲ. ಗಡಿಯೇ ನಮ್ಮ ಮೇಲೆ ಹಾದುಹೋಯಿತು. 1953ರ ಸೆಪ್ಟೆಂಬರ್ 30ರವರೆಗೆ ಆಲೂರು, ಆದೋನಿ, ರಾಯದುರ್ಗ ಮೂರೂ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ಮರುದಿನ, ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಹುಟ್ಟಿತು. ಆಲೂರು ಆದೋನಿ ಕರ್ನೂಲಿಗೆ, ರಾಯದುರ್ಗ ಅನಂತಪುರಕ್ಕೆ ಸೇರಿದವು. ಬಳ್ಳಾರಿ ತಾಲ್ಲೂಕು ಯಾರಿಗೆ ಸೇರಬೇಕೆಂದು ತೀರ್ಮಾನಿಸಲು ಹೈದರಾಬಾದಿನ ಮುಖ್ಯ ನ್ಯಾಯಮೂರ್ತಿ ಮಿಶ್ರಾ ಅವರನ್ನೇ ನೇಮಿಸಿದರು. ನಮ್ಮ ಮೂರು ತಾಲ್ಲೂಕಿಗೆ ಆ ಭಾಗ್ಯವೂ ಸಿಗಲಿಲ್ಲ. 1921ರ ಕೇಳ್ಕರ್ ತೀರ್ಪಿನಲ್ಲೇ ಕಾಂಗ್ರೆಸ್ಸು ನಮ್ಮನ್ನು ಆಂಧ್ರದ ಪಾಲಿಗೆ ಬರೆದುಬಿಟ್ಟಿತ್ತು. ತೆಲುಗು ಆಡುವವರು ಇಲ್ಲಿ ಹೆಚ್ಚು ಅನ್ನುವುದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಹೆಚ್ಚಿದ್ದವರ ಲೆಕ್ಕ ಹಿಡಿದು ಗೆರೆ ಎಳೆದ ಮೇಲೆ ಕಡಿಮೆಯಿದ್ದವರ ಗತಿಯೇನು ಅನ್ನುವುದು ಎಳೆದವರ ಹೊಣೆಯೇ ಅಲ್ಲವೆ?

ಕರ್ನಾಟಕ ಸರ್ಕಾರಕ್ಕೆ ಗಡಿಯಾಚೆಯ ಕನ್ನಡದ ಮಕ್ಕಳ ನೆನಪೇ ಇಲ್ಲವೆಂದಲ್ಲ. ಸಿಇಟಿ ಕೈಪಿಡಿಯಲ್ಲಿ ಅವರಿಗೆಂದೇ ಒಂದು ಷರತ್ತಿದೆ. ನಾನು ಕಂಡ ಕೈಪಿಡಿಗಳಲ್ಲೆಲ್ಲ ಅಚ್ಚಾಗಿದ್ದ ಹೆಸರುಗಳು ಇವು: ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ಏಳು ತಾಲ್ಲೂಕು. ಕನ್ನಡ, ತುಳು ಅಥವಾ ಕೊಡವ ಮನೆಮಾತಿನ ಮಕ್ಕಳು ಆ ತಾಲ್ಲೂಕುಗಳಲ್ಲೇ ಓದಿ, ಕನ್ನಡ ಪರೀಕ್ಷೆ ಪಾಸಾದರೆ, ಅವರು ಅರ್ಹರು. ಬಹಳ ಒಳ್ಳೆಯದು. ಆ ಮಕ್ಕಳಿಗೆ ಸಿಕ್ಕಿದ್ದು ನ್ಯಾಯ, ಅದರಲ್ಲಿ ಒಂದಕ್ಷರ ಕಡಿಮೆಯಾಗಬಾರದು. ಆದರೆ ಆ ಪಟ್ಟಿಯಲ್ಲಿ ಆಲೂರು ಎಲ್ಲಿ? ಆದೋನಿ ಎಲ್ಲಿ? ರಾಯದುರ್ಗ ಎಲ್ಲಿ?

ಪಟ್ಟಿ ಆ ಏಳು ತಾಲ್ಲೂಕುಗಳನ್ನು ‘ವಿವಾದಿತ ಪ್ರದೇಶ’ ಅನ್ನುತ್ತದೆ. 1966ರಲ್ಲಿ ರಚನೆಯಾಗಿ 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗದ ಮುಂದಿದ್ದದ್ದು ಮೈಸೂರು, ಮಹಾರಾಷ್ಟ್ರ, ಕೇರಳದ ತಂಟೆ. ಆಂಧ್ರದ ಗಡಿ ಅದರ ಮುಂದೆ ಬರಲೇ ಇಲ್ಲ. ನಾವು ಜಗಳ ಮಾಡಲಿಲ್ಲ. ಬಂದ್ ಮಾಡಲಿಲ್ಲ, ಬಸ್ಸಿಗೆ ಕಲ್ಲು ಹೊಡೆಯಲಿಲ್ಲ, ತೆಲುಗು ನೆರೆಯವರ ಜೊತೆ ಕೂಡಿ ಬಾಳಿದೆವು. ಒಂದೇ ಮನೆಯಲ್ಲಿ ಎರಡು ಭಾಷೆ ಆಡಿದೆವು. ದೇವರಗಟ್ಟಿನ ಮಾಳಮಲ್ಲೇಶ್ವರನ ಬನ್ನಿ ಹಬ್ಬಕ್ಕೆ ಒಟ್ಟಿಗೆ ಹೋದೆವು. ವಿವಾದ ಮಾಡಿದವರಿಗೆ ಅರ್ಹತೆ, ಸೌಹಾರ್ದದಿಂದ ಇದ್ದವರಿಗೆ ಬಾಗಿಲು ಬಂದ್. ಇದು ಯಾವ ಸೀಮೆಯ ನ್ಯಾಯ?

ಸಂವಿಧಾನದ 371ಜೆ ವಿಧಿಯ ವಿಚಾರಕ್ಕೆ ಬನ್ನಿ. 2012ರಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿಯಿಂದ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಬಂತು. ಆ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಆ ಭಾಗದವರಿಗೆ. ಅದರಲ್ಲಿ ಬಳ್ಳಾರಿಯೂ ಇದೆ. ಬಳ್ಳಾರಿಯನ್ನು ನಿಜಾಮ 1800ರಲ್ಲೇ ಇಂಗ್ಲಿಷರಿಗೆ ಬಿಟ್ಟುಕೊಟ್ಟಿದ್ದ, ಹೈದರಾಬಾದ್ ಸಂಸ್ಥಾನಕ್ಕೂ ಅದಕ್ಕೂ ಆಮೇಲೆ ಸಂಬಂಧವಿರಲಿಲ್ಲ. ಆದರೂ ಸೇರಿಸಿದರು. ಹಿಂದುಳಿದಿದೆ, ಸೇರಿಸಬೇಕಾದ್ದೇ. ಅಂದರೆ ನ್ಯಾಯ ಮಾಡುವ ಮನಸ್ಸಿದ್ದಾಗ ಹಳೆಯ ನಕಾಶೆ ಯಾರಿಗೂ ಅಡ್ಡ ಬರಲಿಲ್ಲ. ಅದೇ ಬಳ್ಳಾರಿ ಜಿಲ್ಲೆಯಿಂದ ಕತ್ತರಿಸಿ ಹಾಕಿದ ಆಲೂರಿನ ಮಾತು ಬಂದಾಗ ಮಾತ್ರ ನಕಾಶೆ ಕಲ್ಲಿನ ಶಾಸನ! ಹಿಂದುಳಿದವರು ನಾವೂ ಹೌದು. ಮಳೆಯಿಲ್ಲದ ವರ್ಷ ನಮ್ಮ ಊರುಗಳು ಅರ್ಧಕ್ಕರ್ಧ ಖಾಲಿ. ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಇಟ್ಟಿಗೆ ಹೊರುವಾಗ ನಮ್ಮವರನ್ನು ಯಾವ ರಾಜ್ಯದವರೆಂದು ಯಾರೂ ಕೇಳುವುದಿಲ್ಲ.

ಗೆರೆಯ ಮಾತು ಬಂದಾಗ ಇದನ್ನೂ ಹೇಳಿಬಿಡಬೇಕು. ವಾಲ್ಮೀಕಿ ನಾಯಕರು ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡ. ಅದೇ ಜನ, ಅದೇ ಬೆಡಗು, ಅದೇ ಮನೆದೇವರು, ನಮ್ಮ ಕಡೆ ಬೋಯ ವಾಲ್ಮೀಕಿ ಅನ್ನಿಸಿಕೊಂಡು ಬಿಸಿ-ಎ. ಅಣ್ಣ ಬಳ್ಳಾರಿಯಲ್ಲಿ ಉಳಿದ, ತಂಗಿಯನ್ನು ಆಲೂರಿಗೆ ಕೊಟ್ಟರು. ಅಣ್ಣನ ಮಗ ಎಸ್ಟಿ, ತಂಗಿಯ ಮಗ ಬಿಸಿ. ಇಬ್ಬರದೂ ಮಳೆ ನಂಬಿದ ಹೊಲ, ಇಬ್ಬರದೂ ಅದೇ ಬಡತನ. ಆಂಧ್ರ ವಿಧಾನಸಭೆ 2017ರಲ್ಲಿ ಠರಾವು ಮಾಡಿ ದೆಹಲಿಗೆ ಕಳಿಸಿತು, 2023ರಲ್ಲಿ ಮತ್ತೆ ಮಾಡಿತು. ಫಲವೇನೂ ಬರಲಿಲ್ಲ. ಒಂದು ಗೆರೆ ಎಳೆದವರು ಎಪ್ಪತ್ತು ವರ್ಷ ಕಳೆದರೂ ಅದರ ಎರಡು ಬದಿಯ ಮನೆಗಳನ್ನು ತಿರುಗಿ ನೋಡಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

‘ಸ್ಥಳೀಯ’ ಅಂದರೆ ಯಾರು ಎಂದು ಕರ್ನಾಟಕ ಸರ್ಕಾರ 2024ರ ಜುಲೈಯಲ್ಲಿ ಬರೆದು ತೋರಿಸಿತು. ಖಾಸಗಿ ಕಂಪನಿಗಳ ಕೆಲಸದಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆ ಅದು. ಕರ್ನಾಟಕದಲ್ಲೇ ಹುಟ್ಟಿರಬೇಕು, 15 ವರ್ಷ ನೆಲೆಸಿರಬೇಕು, ಕನ್ನಡ ಓದಲು ಬರೆಯಲು ಬರಬೇಕು. ಉದ್ಯಮಿಗಳ ಗದ್ದಲಕ್ಕೆ ಹೆದರಿ ಎರಡೇ ದಿನದಲ್ಲಿ ಅದನ್ನು ತಡೆಹಿಡಿದರು. ಪರ ವಿರೋಧವಾಗಿ ಪುಟಗಟ್ಟಲೆ ಚರ್ಚೆಯಾಯಿತು. ಆದರೆ ಕನ್ನಡ ಮನೆಮಾತಾಗಿದ್ದೂ ಗೆರೆಯ ಆಚೆ ಹುಟ್ಟಿದವನ ಗತಿಯೇನೆಂದು ಕೇಳಿದವರನ್ನು ನಾನು ಕಾಣಲಿಲ್ಲ. ಭಾರತದ ಪೌರತ್ವ ಕಾಯ್ದೆಯಲ್ಲಿ ಹೊರದೇಶದವನೊಬ್ಬ ಒಟ್ಟು 12 ವರ್ಷ ಇಲ್ಲಿ ನೆಲೆಸಿದರೆ ದೇಶೀಕರಣದಿಂದ ಭಾರತೀಯನಾಗಲು ಅರ್ಜಿ ಹಾಕಬಹುದು. ಆಲೂರಿನಲ್ಲಿ ಹುಟ್ಟಿದ ಕನ್ನಡಿಗ ಆ ಮಸೂದೆಯ ಲೆಕ್ಕದಲ್ಲಿ ಬೆಂಗಳೂರಿನಲ್ಲಿ ಐವತ್ತು ವರ್ಷ ದುಡಿದರೂ ಸ್ಥಳೀಯನಾಗುವುದಿಲ್ಲ. ಅಮೆರಿಕದ ಪೌರತ್ವ ಪಡೆದ ಕನ್ನಡಿಗನಿಗೆ ಓಸಿಐ ಕಾರ್ಡಿದೆ, ತಾಯ್ನಾಡಿಗೆ ಜೀವನಪರ್ಯಂತ ಬಾಗಿಲು ತೆರೆದಿದೆ. ಹಾಗೇ ಇರಲಿ. ಸಾಗರ ದಾಟಿದವನ ನಂಟು ಹರಿಯಬಾರದೆಂದು ಕಾನೂನು ಮಾಡಿದ ದೇಶದಲ್ಲಿ ಹಗರಿ ಹೊಳೆಯ ಆಚೆ ಉಳಿದವನ ನಂಟಿಗೆ ಒಂದು ಸರ್ಟಿಫಿಕೇಟಿನ ಬೆಲೆಯೂ ಇಲ್ಲವೆ?

ಇಡೀ ಭಾರತಕ್ಕೆ ಒಂದೇ ವಾಸಸ್ಥಾನ, ರಾಜ್ಯಕ್ಕೊಂದು ಬೇರೆ ವಾಸಸ್ಥಾನವೆಂಬುದಿಲ್ಲ ಎಂದು ಸುಪ್ರೀಂ ಕೋರ್ಟ್ 1984ರ ಪ್ರದೀಪ್ ಜೈನ್ ಪ್ರಕರಣದಲ್ಲೇ ಹೇಳಿದೆ. 2025ರ ಜನವರಿಯಲ್ಲಿ ವೈದ್ಯಕೀಯ ಸ್ನಾತಕೋತ್ತರ ಸೀಟುಗಳ ತೀರ್ಪಿನಲ್ಲಿ ಮತ್ತೆ ಅದನ್ನೇ ಹೇಳಿದೆ. ಪದವಿ ಹಂತದಲ್ಲಿ ರಾಜ್ಯದವರಿಗೆ ಒಂದಷ್ಟು ಮೀಸಲು ಇರಬಹುದೆಂದು ಕೋರ್ಟೇ ಒಪ್ಪಿದೆ, ನಾವೂ ಒಪ್ಪುತ್ತೇವೆ. ಅದರೊಳಗೆ ಯಾರು ಸೇರುತ್ತಾರೆ ಅನ್ನುವುದಷ್ಟೇ ನಮ್ಮ ತಕರಾರು.

ಆಂಧ್ರವನ್ನು ಬಿಟ್ಟು ಕರ್ನಾಟಕವನ್ನೇ ಬೈಯುತ್ತೀರಲ್ಲ ಅನ್ನಬಹುದು. ಆಂಧ್ರದ ಮೇಲೂ ನಮಗೆ ಸಿಟ್ಟಿದೆ. 2019ರಲ್ಲಿ ಸರ್ಕಾರಿ ಶಾಲೆಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸುವ ಆದೇಶ ಹೊರಟಾಗ ತೆಲುಗು ಉಳಿಯಬೇಕೆಂದು ಹಲವರು ಎದ್ದರು, 2020ರಲ್ಲಿ ಹೈಕೋರ್ಟ್ ಆದೇಶವನ್ನು ರದ್ದು ಮಾಡಿತು. ಆ ಗದ್ದಲದಲ್ಲಿ ಕರ್ನೂಲು, ಅನಂತಪುರದ ಕನ್ನಡ ಮಾಧ್ಯಮದ ಶಾಲೆಗಳ ದನಿ ಎಷ್ಟು ಜನಕ್ಕೆ ಕೇಳಿಸಿತು? ಆದರೆ ಆಂಧ್ರ ನಮ್ಮನ್ನು ಕನ್ನಡದ ಮಕ್ಕಳೆಂದು ವೇದಿಕೆ ಹತ್ತಿಸಿ ಹಾರ ಹಾಕಿಲ್ಲ. ಕರ್ನಾಟಕ ಹಾಕಿದೆ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇದೆ, ಕನ್ನಡ ಅಭಿವೃದ್ಧಿ ಪ್ರಾಧಿಕಾರ ಇದೆ, ಉತ್ಸವಕ್ಕೆ ಅನುದಾನ ಇದೆ. ಶಾಲು ಹೊದ್ದು ಊರಿಗೆ ಬಂದ ಕನ್ನಡ ಮೇಷ್ಟ್ರ ಮಗಳು ಮರುವರ್ಷ ದಾಖಲೆ ಪರಿಶೀಲನೆಗೆ ಹೋಗುತ್ತಾಳೆ. ಪ್ಲಾಸ್ಟಿಕ್ ಫೈಲಿನಲ್ಲಿ ಒಂದರಿಂದ ಹತ್ತರವರೆಗಿನ ಕನ್ನಡ ಮಾಧ್ಯಮದ ಸ್ಟಡಿ ಸರ್ಟಿಫಿಕೇಟು, ಅದರ ಮೇಲೆ ತೆಲುಗಿನ ಸೀಲು. ಕೌಂಟರಿನವರು ಸೀಲು ನೋಡುತ್ತಾರೆ, ಒಳಗಿನ ಹಾಳೆ ತಿರುವುವುದಿಲ್ಲ. ‘ಆಂಧ್ರದವರಾ? ನೆಕ್ಸ್ಟ್.’

ನಾವು ಗಡಿ ಬದಲಿಸಿ ಅನ್ನುತ್ತಿಲ್ಲ. ಸಂವಿಧಾನ ತಿದ್ದುಪಡಿ ಕೇಳುತ್ತಿಲ್ಲ. ಕಾಸರಗೋಡಿಗೂ ಜತ್ತಕ್ಕೂ ಕೊಟ್ಟಿರುವ ಷರತ್ತಿನ ಸಾಲಿಗೆ ಆಲೂರು, ಆದೋನಿ, ರಾಯದುರ್ಗ ಎಂಬ ಮೂರು ಹೆಸರು ಸೇರಿಸಿ. ಹಳೆಯ ತಾಲ್ಲೂಕುಗಳು ಈಗ ಹಲವು ಮಂಡಲಗಳಾಗಿವೆ, ಆ ಮಂಡಲಗಳನ್ನೂ ಹೆಸರಿಸಿ. ಕನ್ನಡದಲ್ಲಿ ಓದಿ ಕನ್ನಡ ಪರೀಕ್ಷೆ ಪಾಸಾದ ನಮ್ಮ ಮಕ್ಕಳ ಓದಿನ ವರ್ಷಗಳನ್ನು ಏಳರ ಲೆಕ್ಕಕ್ಕೆ ಹಿಡಿಯಿರಿ. ಹಾಗೆಯೇ ಬಳ್ಳಾರಿಯಲ್ಲಿ ಓದಿದ ಆಲೂರಿನ ಮಗುವನ್ನು ನಾನ್‌ಲೋಕಲ್ ಅನ್ನದಂತೆ ಆಂಧ್ರ ಸರ್ಕಾರ ದೆಹಲಿಗೆ ಶಿಫಾರಸು ಮಾಡಲಿ. ಕರ್ನಾಟಕದ ಕೆಲಸಕ್ಕೆ ಸಂಪುಟದ ಒಂದು ತೀರ್ಮಾನ, ಒಂದು ಸರ್ಕಾರಿ ಆದೇಶ ಸಾಕು.

ಬಳ್ಳಾರಿ, ಸಿರುಗುಪ್ಪ, ರಾಯಚೂರಿನ ಶಾಸಕರೇ, ನಿಮ್ಮ ಕ್ಷೇತ್ರದ ಎಷ್ಟೋ ಮನೆಗಳ ಸೊಸೆಯಂದಿರು ನಮ್ಮ ಊರಿನ ಹೆಣ್ಣುಮಕ್ಕಳು. ಬರುವ ಅಧಿವೇಶನದಲ್ಲಿ ಈ ಒಂದು ಪ್ರಶ್ನೆ ಕೇಳಿ: ಪಟ್ಟಿಯಲ್ಲಿ ಏಳು ತಾಲ್ಲೂಕು ಇವೆ, ಉಳಿದ ಮೂರು ಎಲ್ಲಿ? ಮುಂದಿನ ವರ್ಷದ ಸಿಇಟಿ ಕೈಪಿಡಿ ಅಚ್ಚಿಗೆ ಹೋಗುವ ಮೊದಲು ಉತ್ತರ ಪಡೆಯಿರಿ.