ಕೇರ್ ಆಫ್ ಎಸ್ಟೇಟ್

ನನ್ನ ಹೆಸರಿಗೆ ಬಂದ ಮೊದಲ ಕಾಗದವನ್ನು ಮೊದಲು ಓದಿದವಳು ನಾನಲ್ಲ. ಪಿಯುಸಿ ಮುಗಿಸಿದ ಮೇಲೆ ವಿದ್ಯಾರ್ಥಿವೇತನ ಮಂಜೂರಾಗಿದೆ ಎಂದು ತಿಳಿಸುವ ಪತ್ರ ಅದು. ಮೂಡಿಗೆರೆ ಕಡೆಯ ತೋಟವೊಂದರ ಲೈನ್ ಮನೆಯಲ್ಲಿದ್ದ ನಮಗೆ ಬರುವ ಟಪಾಲೆಲ್ಲ ತೋಟದ ಆಫೀಸಿಗೇ ಬರುತ್ತಿತ್ತು. ರೈಟರು ಒಡೆದು ಓದಿದರು, ಸಾಹುಕಾರರಿಗೆ ಹೇಳಿದರು, ಹಣ್ಣು ಕುಯ್ಯುತ್ತಿದ್ದ ಅಮ್ಮನಿಗೆ ಸಾಲಿನ ಆ ತುದಿಯಿಂದಲೇ ಕೂಗಿದರು: ‘ನಿನ್ನ ಮಗಳು ಗೆದ್ಲಲ್ಲ ಮಾರಾಯ್ತಿ!’ ಸಂಜೆ ಲಕೋಟೆ ನನ್ನ ಕೈಗೆ ಬಂದಾಗ ಅದರೊಳಗಿನ ಸುದ್ದಿ ಹಳಸಿತ್ತು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಸಾಹುಕಾರರು ಐನೂರು ರೂಪಾಯಿಯನ್ನೂ ಕೊಟ್ಟರು. ಕೆಟ್ಟ ಮನಸ್ಸಿಲ್ಲದೆಯೇ ಇದು ನಡೆಯುತ್ತದೆ ಎನ್ನುವುದೇ ನನ್ನ ತಕರಾರು.

ತೋಟಗಳಿಗೆ ಅಂಚೆ ಇಲಾಖೆಯಲ್ಲಿ ಬಹಳ ಹಿಂದಿನಿಂದ ಒಂದು ಅನುಕೂಲವಿದೆ. ಪೋಸ್ಟ್ ಬ್ಯಾಗ್ ಅಂತ. ಬೀಗ ಹಾಕಿದ ಚೀಲ. ಒಂದು ಕೀಲಿ ಅಂಚೆ ಕಚೇರಿಯಲ್ಲಿ, ಇನ್ನೊಂದು ತೋಟದ ಆಫೀಸಿನಲ್ಲಿ. ಟಪಾಲಿನ ಆಳು ಪೇಟೆಗೆ ಹೋಗಿ ತರುತ್ತಾನೆ. ದಾರಿಯಲ್ಲಿ ಅವನೂ ನೋಡಬಾರದೆಂದು ಬೀಗ! ಮಾಲೀಕರ ಗುಟ್ಟಿಗೆ ಇಷ್ಟು ಕಾವಲು ಬೇಕೆಂದು ಇಲಾಖೆಗೆ ಗೊತ್ತಿತ್ತು. ಅದೇ ಚೀಲದೊಳಗೆ ಕೂಲಿಯವರ ಕಾಗದವೂ ಇರುತ್ತದೆ, ಅದಕ್ಕೆ ಬೇರೆ ಕೀಲಿ ಬೇಕಾದೀತು ಎಂದು ಯಾರಿಗೂ ಹೊಳೆಯಲಿಲ್ಲ.

ಪೋಸ್ಟ್ ಬಾಕ್ಸ್ ಆ ಬೇರೆ ಕೀಲಿ. (ಕನ್ನಡದಲ್ಲಿ ಅಂಚೆ ಪೆಟ್ಟಿಗೆ ಎಂದರೆ ಕಾಗದ ಹಾಕುವ ಕೆಂಪು ಡಬ್ಬಿ ನೆನಪಾಗುತ್ತದೆ, ಕಾಗದ ಪಡೆಯುವ ಪೆಟ್ಟಿಗೆಗೆ ನಮ್ಮಲ್ಲಿ ಹೆಸರೇ ಇಲ್ಲ.) ಅಂಚೆ ಕಚೇರಿಯ ಗೋಡೆಯಲ್ಲಿ ಒಂದು ಗೂಡು, ಅದಕ್ಕೊಂದು ಸಂಖ್ಯೆ, ಬಾಡಿಗೆ ಕಟ್ಟಿದವರಿಗೆ ಒಂದು ಕೀಲಿ. ಈ ವಿಳಾಸಕ್ಕೆ ಮನೆ ಬೇಡ, ಗಂಡ ಬೇಡ, ಸಾಹುಕಾರರು ಬೇಡ. ಕಳೆದ ಮಳೆಗಾಲ ನಮ್ಮ ಕಡೆಯ ಒಂದು ಅಂಚೆ ಕಚೇರಿಗೆ ಹೋಗಿ ನನಗೊಂದು ಬೇಕೆಂದು ಕೇಳಿದೆ. ‘ಯಾವ ಕಂಪನಿ ಮೇಡಂ?’ ಎಂದರು. ಕಂಪನಿಯಲ್ಲ, ನನಗೇ ಎಂದೆ. ‘ನಿಮಗ್ಯಾಕಮ್ಮಾ? ಮನೆಗೇ ಬರ್ತದಲ್ಲ.’ ಮೇಡಂ ಅಮ್ಮನಾಗಲು ಅರ್ಧ ನಿಮಿಷ ಸಾಕಾಯಿತು. ಆಮೇಲೆ ವಿಳಾಸದ ದಾಖಲೆ ಕೇಳಿದರು. ನನ್ನ ಆಧಾರ್ ಕಾರ್ಡಿನಲ್ಲಿರುವುದು ಕೇರ್ ಆಫ್ ಎಸ್ಟೇಟ್. ‘ಹಾಗಾದ್ರೆ ಅವ್ರದ್ದೊಂದು ಲೆಟರ್ ತನ್ನಿ.’

ಈಗ ಕಾಗದ ಯಾರು ಬರೆಯುತ್ತಾರೆ ಎಂದು ಕೇಳುವ ಗೆಳೆಯರಿದ್ದಾರೆ. ಪ್ರೇಮಪತ್ರ ಬರುವುದಿಲ್ಲ, ನಿಜ. ಎಟಿಎಂ ಕಾರ್ಡು, ಪಾನ್ ಕಾರ್ಡು, ಡ್ರೈವಿಂಗ್ ಲೈಸೆನ್ಸು, ಕೋರ್ಟಿನ ನೋಟಿಸು ಈಗಲೂ ಅಂಚೆಯಲ್ಲೇ ಬರುತ್ತವೆ. ಗಂಡನಿಗೆ ತಿಳಿಯದಂತೆ ಖಾತೆ ತೆರೆದವಳ ಬ್ಯಾಂಕಿನ ಲಕೋಟೆ, ಬಾಕಿ ಕೂಲಿಗೆ ದೂರು ಕೊಟ್ಟವನಿಗೆ ಕಾರ್ಮಿಕ ಇಲಾಖೆಯ ಉತ್ತರ. ಆ ದೂರು ಯಾರ ಮೇಲೋ ಅವರ ಮೇಜಿನ ಮೇಲೇ ಉತ್ತರ ಬಂದು ಕೂರುತ್ತದೆ. ಪ್ರೇಮಪತ್ರಕ್ಕಿಂತ ಹೆಚ್ಚಿನ ಗುಟ್ಟು ಬೇಕಾದದ್ದು ಇವಕ್ಕೆ.

ನಮ್ಮ ನಾಡಿನಲ್ಲಿ ಅಂಚೆಗೆ ಇನ್ನೊಬ್ಬರ ಗುಟ್ಟಿನ ಮೇಲೆ ಆಸೆ ಹೊಸದಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರಿನ ಅಂಚೆ, ಕಾಗದ ಸಾಗಿಸುವುದರ ಜೊತೆಗೆ ಊರೂರಿನ ಒಳಸುದ್ದಿಯನ್ನು ಅರಮನೆಗೆ ಮುಟ್ಟಿಸುವ ಕೆಲಸವನ್ನೂ ಮಾಡುತ್ತಿತ್ತು ಎಂದು ವಿಲ್ಕ್ಸ್ ಬರೆದಿಟ್ಟಿದ್ದಾನೆ. 1889ರಲ್ಲಿ ಅದು ಬ್ರಿಟಿಷ್ ಅಂಚೆಯಲ್ಲಿ ಸೇರಿಹೋಯಿತು. 1898ರ ಕಾಯ್ದೆಯನ್ನು ತೆಗೆದುಹಾಕಿದ 2023ರ ಹೊಸ ಅಂಚೆ ಕಾಯ್ದೆಯೂ ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮುಂತಾದ ಕಾರಣಗಳಿಗಾಗಿ ಅಂಚೆಯನ್ನು ತಡೆದು ಒಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಅದರ ಬಗ್ಗೆ ಬೆಂಗಳೂರಿನಲ್ಲಿ ಚರ್ಚೆ ಮಾಡಿದೆವು, ಮಾಡಲೇಬೇಕು. ಆದರೆ ಸರ್ಕಾರಕ್ಕೆ ಕಾರಣವಾದರೂ ಬೇಕು. ರೈಟರಿಗೆ ಬೇಕಾದ್ದು ಹೆಬ್ಬೆರಳು ಮಾತ್ರ.

ಇದು ಕಾಫಿ ಸೀಮೆಯ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. ಗಲ್ಫಿಗೆ ಹೋದ ನಮ್ಮ ಕರಾವಳಿಯ ಹುಡುಗರ ವಿಳಾಸದಲ್ಲೂ ಪೋಸ್ಟ್ ಬಾಕ್ಸ್ ನಂಬರು ಇರುತ್ತಿತ್ತು. ಅಲ್ಲಿ ಮನೆ ಬಾಗಿಲಿಗೆ ಅಂಚೆಯವನು ಬರುವ ರೂಢಿಯಿರಲಿಲ್ಲ. ಆದರೆ ಆ ಪೆಟ್ಟಿಗೆ ಸಾಮಾನ್ಯವಾಗಿ ಕಂಪನಿಯದು, ಕೀಲಿಯೂ ಕಂಪನಿಯದು. ಹಾಗಾಗಿ ಪೆಟ್ಟಿಗೆಯೊಂದಿದ್ದರೆ ಸಾಲದು, ಕೀಲಿ ಯಾರ ಸೊಂಟದಲ್ಲಿದೆ ಎಂದು ಕೇಳಬೇಕು. ಅಮೆರಿಕದಲ್ಲಿ 1863ಕ್ಕೆ ಮೊದಲು ನಗರಗಳಲ್ಲೂ ಮನೆಗೆ ಪುಕ್ಕಟೆ ಬಟವಾಡೆ ಇರಲಿಲ್ಲ. ಹೆಂಗಸರು ತಾವೇ ಅಂಚೆ ಕಚೇರಿಗೆ ಹೋಗಿ, ಅವರಿಗೆಂದೇ ಇದ್ದ ಕಿಟಕಿಯಲ್ಲಿ ಕಾಗದ ಪಡೆಯುತ್ತಿದ್ದರು. ಅಪ್ಪಂದಿರ ಕಣ್ಣು ತಪ್ಪಿಸಿ ಹೆಣ್ಣುಮಕ್ಕಳಿಗೆ ಕಾಗದ ಬರುತ್ತಿದೆಯೆಂದು ಸಭ್ಯರು ಗೋಳಾಡುತ್ತಿದ್ದರು. ಇವತ್ತು ಅದೇ ದೇಶದಲ್ಲಿ, ಅಂಚೆಯವನು ಹೋಗದ ಮನೆಗಳವರಿಗೆ ಒಂದು ಪೆಟ್ಟಿಗೆಯನ್ನು ಬಾಡಿಗೆಯಿಲ್ಲದೆ ಕೊಡುವ ನಿಯಮವಿದೆ.

ನಮ್ಮ ಇಲಾಖೆ 2025ರಲ್ಲಿ ಡಿಜಿಪಿನ್ ತಂದಿತು. ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರ್ ಚೌಕಗಳಾಗಿ ಕತ್ತರಿಸಿ, ಒಂದೊಂದಕ್ಕೂ ಹತ್ತು ಅಕ್ಷರದ ಗುರುತು. 1972ರ ಪಿನ್ ಕೋಡಿನಲ್ಲಿ ಇಡೀ ಕಳಸಕ್ಕೆ 577124 ಇದ್ದರೆ, ಈಗ ನಮ್ಮ ಲೈನಿನ ಒಂದೊಂದು ಹೆಂಚಿನ ಮಾಡನ್ನೂ ಬೆರಳಿಟ್ಟು ತೋರಿಸಬಹುದು. ತೋರಿಸಲಿ. ಆದರೆ ಮಾಡು ತೋಟದ್ದು. ಕೆಲಸ ಬಿಟ್ಟ ದಿನ ಮನೆ ಬಿಡಬೇಕು, ಆ ಹತ್ತು ಅಕ್ಷರ ಮುಂದೆ ಬಂದವರ ಪಾಲು. 2019ರ ಆಗಸ್ಟಿನಲ್ಲಿ ಮೂಡಿಗೆರೆ, ಕಳಸದ ಕಡೆ ಗುಡ್ಡ ಜರಿದಾಗ ಮನೆ ಕಳೆದುಕೊಂಡವರಿಗೆ ಚೌಕ ಹಾಗೇ ಉಳಿದಿರುತ್ತಿತ್ತು, ಕೆಸರಿನಡಿಯಲ್ಲಿ.

ನಾನು ಕೇಳುತ್ತಿರುವುದು ಉಪಗ್ರಹವನ್ನಲ್ಲ, ತಗಡಿನ ಗೂಡನ್ನು. ಚಿಕ್ಕಮಗಳೂರು, ಮೂಡಿಗೆರೆ, ಕಳಸ, ಬಾಳೆಹೊನ್ನೂರಿನ ಅಂಚೆ ಕಚೇರಿಗಳಲ್ಲಿ ಇಂಥವನ್ನು ಸಾಲಾಗಿ ಜೋಡಿಸಲಿ. ಲೈನಿನಲ್ಲಿರುವವರಿಗೆ ಬಾಡಿಗೆ ಬೇಡ. ಸಹಿ ಹಾಕಿ ಪಡೆಯಬೇಕಾದ ಟಪಾಲು ಬಂದರೆ ಪೆಟ್ಟಿಗೆಯಲ್ಲೊಂದು ಚೀಟಿ ಇಡಲಿ. ಭಾನುವಾರ ಪೇಟೆಗೆ ಬಂದವರು ತೆಗೆದುಕೊಂಡು ಹೋಗುವಂತೆ, ಅವತ್ತು ಒಂದು ಗಂಟೆ ಬಾಗಿಲು ತೆರೆದಿಡಲಿ. ದಾಖಲೆ ಕೇಳುವಾಗ ಮಾಲೀಕರ ಪತ್ರ ಕೇಳದಿರಲಿ.

ನಾನು ಆ ಪತ್ರ ತರಲು ಹೋಗಲಿಲ್ಲ. ಅಮ್ಮ ಹೋಗಿದ್ದರು, ನನಗೆ ಹೇಳದೆ. ಪೆಟ್ಟಿಗೆ ಯಾಕೆ, ನಾವೇನು ನಿಮ್ಮ ಕಾಗದ ತಿಂದುಬಿಡ್ತೀವಾ ಎಂದು ಆಫೀಸಿನಲ್ಲಿ ನಕ್ಕರಂತೆ. ಅಮ್ಮನೂ ನಕ್ಕು ವಾಪಸ್ ಬಂದರು.