ತಾಲೀಮಿನ ಬಾಗಿಲು ಎಲ್ಲರಿಗೂ ತೆರೆದಿರಲಿ

ಜತ್ತ, ಅಕ್ಕಲಕೋಟ ಭಾಗದ ಹಲವು ಊರುಗಳಲ್ಲಿ ಜಾತ್ರೆ ಬಂತೆಂದರೆ ಕನ್ನಡ ನಾಟಕ ಬೇಕೇ ಬೇಕು. ಹಗಲು ಹೊಲ, ಅಂಗಡಿ ನೋಡಿಕೊಳ್ಳುವ ಹವ್ಯಾಸಿ ಕಲಾವಿದರು ರಾತ್ರಿ ತಾಲೀಮಿಗೆ ಕೂಡುತ್ತಾರೆ. ಸೀನರಿ ಬಾಡಿಗೆ, ಪೇಟಿ ಮಾಸ್ತರರ ಪಗಾರ, ಹೊರಗಿನಿಂದ ಕರೆಸುವ ನಟಿಯರ ಸಂಭಾವನೆ ಎಲ್ಲಾ ಪಟ್ಟಿ ಎತ್ತಿಯೇ ಹೊಂದಿಸಬೇಕು. ಆದರೆ ಚಿಂತೆ ಬರೀ ರೊಕ್ಕದ್ದಲ್ಲ. ಮನೆಯಲ್ಲಿ ಕನ್ನಡ ಮಾತಾಡಿ, ಸಾಲಿಯಲ್ಲಿ ಮರಾಠಿ ಓದಿದ ಹುಡುಗನಿಗೆ ನಾಟಕದ ಪುಸ್ತಕ ಓದಲು ಬಾರದು. ಅವನಿಗೆ ಪಾರ್ಟು ಇಲ್ಲವೆಂದು ಕಳಿಸಿದರೆ ನಾಳೆ ಬಣ್ಣ ಹಚ್ಚುವವರು ಯಾರು?

ಅವನ ಮಾತುಗಳನ್ನು ಮೊದಲು ದೇವನಾಗರಿಯಲ್ಲೇ ಬರೆದು ಕೊಡಲಿ, ಅದರಲ್ಲೇನೂ ಅವಮಾನವಿಲ್ಲ. ತಾಲೀಮಿನ ಜೊತೆಗೇ ದಿನಾ ಅರ್ಧ ತಾಸು ಕನ್ನಡ ಅಕ್ಷರ ಕಲಿಸಲಿ. 1843ರಲ್ಲಿ ವಿಷ್ಣುದಾಸ ಭಾವೆಯವರು ಸಾಂಗಲಿಯಲ್ಲಿ 'ಸೀತಾ ಸ್ವಯಂವರ' ಆಡಿಸಿ ಮರಾಠಿ ರಂಗಭೂಮಿಗೆ ಅಡಿಪಾಯ ಹಾಕಿದ್ದು ಕರ್ನಾಟಕದ ಭಾಗವತ ಮೇಳದ ಪ್ರೇರಣೆಯಿಂದ. ಅಂದು ಮರಾಠಿಗೆ ದಾರಿ ತೋರಿದ ಕನ್ನಡದ ಆಟ, ಇಂದು ಮರಾಠಿ ಓದಿದ ನಮ್ಮದೇ ಮಕ್ಕಳನ್ನು ಹೊರಗೆ ನಿಲ್ಲಿಸಬಾರದು. ಜಾತ್ರಾ ಕಮಿಟಿಯವರೂ ಸೌಂಡ್ ಬಾಕ್ಸಿಗೆ ಸುರಿಯುವ ರೊಕ್ಕದಲ್ಲಿ ಒಂದು ಪಾಲು ತಾಲೀಮಿಗೆ ತೆಗೆದಿಡಲಿ.