ನಕ್ಷೆಗೆ ರುಜು ಹಾಕಿದವರ ಹೊಣೆ ಎಲ್ಲಿಯವರೆಗೆ?

ಮಳೆಗಾಲದಲ್ಲಿ ಧರೆ ಕುಸಿದು ಮನೆ ಹೋದಾಗ ಅಧಿಕಾರಿಗಳು ಬರುತ್ತಾರೆ, ಪಂಚನಾಮೆಯಾಗುತ್ತದೆ, ಸರ್ಕಾರದ ಪರಿಹಾರ ಪ್ರಕಟವಾಗುತ್ತದೆ. ಗುಡ್ಡವನ್ನು ಅಷ್ಟು ಕಡಿದಾಗಿ ಕೊರೆಯಬಹುದೆಂದು ಕಾಗದದ ಮೇಲೆ ಗೆರೆ ಎಳೆದವರು ಯಾರು ಎಂಬ ಪ್ರಶ್ನೆ ಮಾತ್ರ ಏಳುವುದೇ ಅಪರೂಪ. ಎಲ್ಲವೂ ‘ಪ್ರಕೃತಿ ವಿಕೋಪ’ ಎಂಬ ಒಂದೇ ಶೀರ್ಷಿಕೆಯಡಿ ಮುಗಿದುಹೋಗುತ್ತದೆ.

ಈ ಪ್ರಶ್ನೆಯನ್ನು ಬಿಡದೆ ಕೇಳಿದ ದೇಶಗಳಲ್ಲಿ ಬೆಳೆದು ಬಂದ ಏರ್ಪಾಡೇ ವಾಸ್ತುಶಿಲ್ಪಿಗಳ ವೃತ್ತಿಹೊಣೆ ವಿಮೆ. ನಕ್ಷೆಯಲ್ಲಾಗಲಿ ಮೇಲ್ವಿಚಾರಣೆಯಲ್ಲಾಗಲಿ ವಾಸ್ತುಶಿಲ್ಪಿ ಎಸಗಿದ ತಪ್ಪಿನಿಂದ ಇತರರಿಗೆ ನಷ್ಟವಾಗಿ, ಅದನ್ನು ತುಂಬಿಕೊಡುವ ಹೊಣೆ ಅವರ ಮೇಲೆ ಬಿದ್ದರೆ, ವಿಮಾ ಕಂಪನಿ ನಿಗದಿತ ಮಿತಿಯೊಳಗೆ ಆ ಹಣ ತೆರುತ್ತದೆ. ಮೇಲ್ನೋಟಕ್ಕೆ ಇದು ವಾಸ್ತುಶಿಲ್ಪಿಯ ರಕ್ಷಣೆ. ಆದರೆ ಸಾಲ ಮಾಡಿ ಮನೆ ಕಟ್ಟಿಸಿದವನಿಗೆ ಇದರ ಪ್ರಯೋಜನ ಇನ್ನೂ ದೊಡ್ಡದು. ನ್ಯಾಯಾಲಯ ಪರಿಹಾರ ಕೊಡಿಸಿ ತೀರ್ಪಿತ್ತರೂ, ಕೊಡಬೇಕಾದವರ ಕೈ ಬರಿದಾಗಿದ್ದರೆ ಆ ತೀರ್ಪು ಗೋಡೆಗೆ ತೂಗುಹಾಕಲಷ್ಟೇ ಯೋಗ್ಯ. ಅದಕ್ಕೂ ಒಂದು ಗೋಡೆ ಉಳಿದಿರಬೇಕು.

ಫ್ರಾನ್ಸ್ ದೇಶದ ಉದಾಹರಣೆ ಗುಡ್ಡಗಾಡಿನವರಿಗೆ ವಿಶೇಷವಾಗಿ ಉಪಯುಕ್ತ. ಅಲ್ಲಿ 1977ರ ಕಾನೂನು ವಾಸ್ತುಶಿಲ್ಪಿಗಳಿಗೆ ವಿಮೆಯನ್ನು ಕಡ್ಡಾಯಗೊಳಿಸಿತು. 1978ರ ಸ್ಪಿನೆಟಾ ಕಾನೂನಿನ ಪ್ರಕಾರ ಕಟ್ಟಡದ ಭದ್ರತೆಗೆ ಧಕ್ಕೆ ತರುವ ದೋಷಗಳಿಗೆ ವಾಸ್ತುಶಿಲ್ಪಿಯೂ ಸೇರಿದಂತೆ ಕಟ್ಟಿದವರೆಲ್ಲ ಹತ್ತು ವರ್ಷ ಹೊಣೆ. ಹಾನಿಗೆ ನೆಲದ ದೋಷವೇ ಕಾರಣವಾಗಿದ್ದರೂ ಹೊಣೆ ತಪ್ಪದೆಂದು ಅಲ್ಲಿನ ನಾಗರಿಕ ಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ಮಣ್ಣು ಕೆಟ್ಟದ್ದಿತ್ತು ಎಂಬುದು ಅಲ್ಲಿ ನೆಪವಲ್ಲ; ಮಣ್ಣನ್ನು ತಿಳಿಯುವುದೇ ಕಟ್ಟುವವರ ಕೆಲಸ. ಈ ಖಾತರಿ ಕಟ್ಟಡದ ಒಡೆಯನಿಗೆ ಮತ್ತು ಅನಂತರ ಅದನ್ನು ಕೊಂಡವನಿಗೆ ಸಲ್ಲುತ್ತದೆಯೇ ಹೊರತು ಕೆಳಗಿನ ತೋಟದವನಿಗಲ್ಲ ಎಂಬ ಕೊರತೆಯನ್ನೂ ಗಮನಿಸಬೇಕು.

ಮಣ್ಣಿನ ಮಾತು ಇಲ್ಲಿಗೆ ಎಷ್ಟು ಹೊಂದುತ್ತದೆ! ಮಲೆನಾಡಿನ ಎಷ್ಟೋ ಗುಡ್ಡಗಳಲ್ಲಿ ಮೇಲೆ ಮುರಕಲ್ಲಿನ ಗಟ್ಟಿ ಪದರ, ಅದರಡಿ ಶೇಡಿಮಣ್ಣು. ಬೇಸಿಗೆಯಲ್ಲಿ ಜೆಸಿಬಿ ಕೊರೆದಾಗ ಧರೆ ಗೋಡೆಯಂತೆ ನೇರವಾಗಿ ನಿಲ್ಲುತ್ತದೆ. ನೋಡಿದವರಿಗೆ ಧೈರ್ಯ ಬರುತ್ತದೆ. ಆಷಾಢದ ಮಳೆ ಹಿಡಿದು ನೀರು ಒಳಗಿಳಿದಂತೆ ಮಣ್ಣಿನ ತೂಕ ಹೆಚ್ಚುತ್ತದೆ, ಕಣಕಣಗಳ ಹಿಡಿತ ಸಡಿಲುತ್ತದೆ, ಒಳಗಿನ ನೀರಿನ ಒತ್ತಡ ಧರೆಯನ್ನು ಹೊರಕ್ಕೆ ತಳ್ಳುತ್ತದೆ. (ನೀರಿಂಗಿಸುವುದು ಒಳ್ಳೆಯದೇ, ಆದರೆ ಕಡಿದ ಧರೆಯ ನೆತ್ತಿಯಲ್ಲೇ ಇಂಗುಗುಂಡಿ ತೋಡುವ ಉತ್ಸಾಹ ಅಪಾಯಕಾರಿ.) 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಸುತ್ತ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನ ಹೆದ್ದಾರಿಯ ಬದಿಯಲ್ಲಿ ಜಾರಿದ ಗುಡ್ಡಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ದೇವರದ್ದಿರಬಹುದು, ಧರೆಯ ಕೋನ ಮನುಷ್ಯನದು.

ಭಾರತದ ಸ್ಥಿತಿ ಬೇರೆ. 1972ರ ವಾಸ್ತುಶಿಲ್ಪಿಗಳ ಕಾಯ್ದೆ ಈ ವಿಮೆಯನ್ನು ಕಡ್ಡಾಯ ಮಾಡಿಲ್ಲ. ಆ ಕಾಯ್ದೆ ರಕ್ಷಿಸುವುದು ‘ವಾಸ್ತುಶಿಲ್ಪಿ’ ಎಂಬ ಹೆಸರನ್ನೇ ಹೊರತು ಆ ಕೆಲಸವನ್ನಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪು ನೀಡಿತು. 2016ರ ರೇರಾ ಕಾಯ್ದೆಯಡಿ ರಚನೆಯ ದೋಷಗಳಿಗೆ ಐದು ವರ್ಷ ಹೊಣೆಯಾಗುವವನು ಮಾರಾಟಕ್ಕೆ ಕಟ್ಟುವ ಬಿಲ್ಡರ್. ಬೆಟ್ಟದ ಮೇಲಿನ ರೆಸಾರ್ಟು, ಹೋಂಸ್ಟೇಗಳಿಗೆ ಅದು ಸಾಮಾನ್ಯವಾಗಿ ತಾಗುವುದೇ ಇಲ್ಲ.

ವಿಮೆ ಬಂದೊಡನೆ ಎಲ್ಲವೂ ಸರಿಹೋಗುವುದೆಂಬ ಭ್ರಮೆ ಬೇಡ. ಬ್ರಿಟನ್‌ನಲ್ಲಿ ನೋಂದಾಯಿತ ವಾಸ್ತುಶಿಲ್ಪಿಗಳು ತಕ್ಕ ವಿಮೆ ಹೊಂದಿರಬೇಕೆಂಬ ವೃತ್ತಿನಿಯಮವಿದೆ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಗೋಪುರಕ್ಕೆ ಬೆಂಕಿ ಬಿದ್ದು 72 ಜನ ಸತ್ತರು. ಅದರ ನವೀಕರಣದ ನಕ್ಷೆ ಮಾಡಿದ ವಾಸ್ತುಶಿಲ್ಪಿ ಸಂಸ್ಥೆಯ ಹೊಣೆ ಬಹಳ ದೊಡ್ಡದೆಂದು 2024ರ ವಿಚಾರಣಾ ವರದಿ ಹೇಳಿತು. ದುರಂತದ ತರುವಾಯ ವಿಮಾ ಕಂಪನಿಗಳು ಕಂತು ಏರಿಸಿದವು; ಅಗ್ನಿಸುರಕ್ಷೆಯ ಹೊಣೆಯನ್ನೇ ಪಾಲಿಸಿಯಿಂದ ಹೊರಗಿಡತೊಡಗಿದವು. ಈ ಬಗೆಯ ಪಾಲಿಸಿಯಲ್ಲಿ ಲೆಕ್ಕಕ್ಕೆ ಬರುವುದು ತಪ್ಪು ನಡೆದ ದಿನದ ಪಾಲಿಸಿಯಲ್ಲ, ದೂರು ಬಂದ ದಿನದ ಪಾಲಿಸಿ. ಹತ್ತು ವರ್ಷ ಕಂತು ಕಟ್ಟಿ ಹನ್ನೊಂದನೆಯ ವರ್ಷ ಬಿಟ್ಟವರ ಮೇಲೆ ದೂರು ಬಂದರೆ ಹಿಂದಿನ ಕಂತುಗಳಾವುವೂ ಕೆಲಸಕ್ಕೆ ಬಾರವು. ಭಾರತದಲ್ಲಿ ಸಿಗುವ ಪಾಲಿಸಿಗಳ ಸ್ವರೂಪವೂ ಇದೇ.

ಹಾಗಿದ್ದೂ ಗುಡ್ಡದೂರುಗಳು ಈ ವಿಮೆಯನ್ನು ಕೇಳಬೇಕು. ವಿಮಾ ಕಂಪನಿಗೆ ಪರಿಸರದ ಮೇಲೆ ಪ್ರೀತಿಯಿರಬೇಕಿಲ್ಲ. ತನ್ನ ದುಡ್ಡಿನ ಭಯ ಸಾಕು. ಇಳಿಜಾರು ಎಷ್ಟು, ಮಣ್ಣು ಪರೀಕ್ಷೆ ಆಗಿದೆಯೇ, ಮಳೆನೀರು ಎತ್ತ ಹರಿಯುತ್ತದೆ, ಕೆಳಗೆ ಯಾರ ಮನೆಯಿದೆ ಎಂದು ಅದು ಕೇಳುವಂತಾದರೆ, ಇಂದು ಯಾರೂ ಕೇಳದ ಪ್ರಶ್ನೆಗಳು ಕಡತಕ್ಕೆ ಬರುತ್ತವೆ. ಯಾವ ಕಂಪನಿಯೂ ವಿಮೆ ಕೊಡಲೊಲ್ಲದ ಜಾಗವಾದರೆ ಪಂಚಾಯಿತಿಗೆ ಅದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಿಲ್ಲ.

ನಾಲ್ಕು ಅಂಕಣದ ಮನೆ ಕಟ್ಟುವ ಬಡವನ ತಲೆಗೆ ಈ ಖರ್ಚನ್ನು ಕಟ್ಟುವುದು ಅನ್ಯಾಯ. ಆರಂಭ ರೆಸಾರ್ಟುಗಳಿಂದ, ಬಹುಮಹಡಿ ಕಟ್ಟಡಗಳಿಂದ, ಧರೆ ಎತ್ತರವಾಗಿ ಕಡಿಯುವ ಕಾಮಗಾರಿಗಳಿಂದ ಆಗಲಿ. ಪರವಾನಗಿ ಕೋರುವವರು ನಕ್ಷೆಗೆ ರುಜು ಹಾಕಿದವರ ಪಾಲಿಸಿಯ ಪ್ರತಿಯನ್ನು, ಮೊತ್ತ, ಅವಧಿ ಮತ್ತು ಹೊರಗಿಟ್ಟ ಬಾಬತ್ತುಗಳ ಸಹಿತ ಒಪ್ಪಿಸಲಿ ಎಂದು ಗ್ರಾಮಸಭೆ ನಿರ್ಣಯ ಮಾಡಿ ಮೇಲಿನವರಿಗೆ ಕಳಿಸಬಹುದು. ನೆರೆಯವರಿಗಾಗುವ ಹಾನಿಯೂ ಅದರಲ್ಲಿ ಸೇರಿದೆಯೇ ಎಂಬುದನ್ನು ಮೊದಲು ಓದಿ ನೋಡಬೇಕು. ಪರವಾನಗಿ ಕೊಟ್ಟ ದಿನ ಒಮ್ಮೆ ನೋಡಿ ಕಡತ ಮುಚ್ಚುವಂತಿಲ್ಲ. ನವೀಕರಿಸಿದ ಪ್ರತಿ ಪ್ರತಿ ವರ್ಷ ಮುಂಗಾರಿಗೆ ಮುನ್ನ ಪಂಚಾಯಿತಿಗೆ ಬರಬೇಕು.